ರಿಮ್ ಅಳೆಯದೆ ಟೈರ್ ಹಾಕಿಕೊಟ್ಟಿದ್ದೆ

ಬೆಂಗಳೂರಿನಲ್ಲಿ ಹಳೆ ಬುಲೆಟ್‌ಗಳ ಗ್ಯಾರೇಜ್ ನಡೆಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ತಂದೆಯ ಕಾಲದ ಬುಲೆಟ್ 350 ತಂದ. ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ಸೀಟು ತಗ್ಗಿಸಿ, ಹಿಂದಿನ ಚಕ್ರಕ್ಕೆ 19 ಇಂಚಿನ ಬದಲು 18ರ ರಿಮ್ ಕಟ್ಟಿಸಿದ್ದ ಗಾಡಿ. "ಅಣ್ಣಾ, ಹಿಂದಕ್ಕೆ 130 ಹಾಕಿಕೊಡಿ, ದಪ್ಪಗೆ ಕಾಣಬೇಕು" ಅಂದ. ಇಂಟರ್‌ಸೆಪ್ಟರ್ 650 ಬೈಕಿಗೆ ಬರುವ 130/70-18, ಅಂದರೆ 130 ಮಿ.ಮೀ. ಅಗಲದ, 18 ಇಂಚಿನ ರಿಮ್ಮಿಗೆ ಕೂರುವ ಟೈರ್, ಜೆ.ಸಿ. ರಸ್ತೆಯಿಂದ ತರಿಸಿ, ಟ್ಯೂಬ್ ಸಮೇತ ಹಾಕಿದೆ. ಎಲ್ಲೂ ಉಜ್ಜಲಿಲ್ಲ. ಕಳಿಸಿಕೊಟ್ಟೆ.

ಎರಡು ವಾರಕ್ಕೆ ವಾಪಸ್ ಬಂದ. ಚಾರ್ಮಾಡಿ ಘಾಟಿ ಇಳಿಯುವಾಗ ಗಾಡಿ ತಿರುವಿನಲ್ಲಿ ಮೆಲ್ಲಗೆ ವಾಲದೆ ಧಪ್ಪನೆ ಒಳಕ್ಕೆ ಬೀಳುತ್ತಿತ್ತಂತೆ. ಮಳೆ ಬಿದ್ದ ಒಂದು ಕಡೆ ಹಿಂದಿನ ಚಕ್ರ ಜಾರಿ, ಕಾಲು ಕೊಟ್ಟು ಉಳಿದುಕೊಂಡಿದ್ದ. ಹೇಳುವಾಗ ಅವನ ದನಿ ನಡುಗುತ್ತಿತ್ತು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಟೈರ್ ಬಿಚ್ಚಿ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ರಿಮ್ ಮೇಲೆ ಒತ್ತಿದ್ದ ಗುರುತು ಡಬ್ಲ್ಯುಎಂ2. ಅಂದರೆ ಒಳ ಅಗಲ 1.85 ಇಂಚು. ಹಳೆ ಬುಲೆಟ್‌ನ 3.25-19 ಟೈರಿಗೆ (ಅಗಲ 3.25 ಇಂಚು, ರಿಮ್ 19 ಇಂಚು) ಅದು ಸರಿಯಾದ ಅಗಲ. 130ರ ಟೈರ್ ಕೇಳುವುದು ಸುಮಾರು ಮೂರೂವರೆ ಇಂಚಿನ ರಿಮ್. ಕಿರಿದಾದ ರಿಮ್ಮಿಗೆ ಕೂರಿಸಿದರೆ ಟೈರಿನ ಎರಡೂ ಅಂಚು ಒಳಕ್ಕೆ ಸೆಳೆದುಕೊಂಡು ನಡುಭಾಗ ಬೆನ್ನಿನಂತೆ ಉಬ್ಬುತ್ತದೆ. ಬಿಚ್ಚುವ ಮೊದಲು ಕ್ಯಾಲಿಪರ್ ಹಿಡಿದು ಅಳೆದಿದ್ದೆ: 130 ಎಂದು ಬರೆದಿದ್ದ ಟೈರ್ ಅಗಲ 115 ಮಿ.ಮೀ. ಆಸುಪಾಸು. ರಬ್ಬರ್ ಸವೆದಿದ್ದದ್ದು ನಡುವಿನ ಸಣ್ಣ ಪಟ್ಟಿಯಲ್ಲಿ ಮಾತ್ರ. ದಪ್ಪ ಟೈರ್ ಹಾಕಿ ಆ ಹುಡುಗನಿಗೆ ನೆಲದ ಹಿಡಿತ ಕಡಿಮೆ ಮಾಡಿಕೊಟ್ಟಿದ್ದೆ.

ಹಳೆ 19ರ ರಿಮ್ ಅವನ ಮನೆಯಲ್ಲೇ ಬಿದ್ದಿತ್ತು. ಸ್ಪೋಕ್ ಹೊಸದಾಗಿ ಕಟ್ಟಿಸಿ, ಓಲಾಟ ತೆಗೆಸಿ, 3.25-19 ಹಾಕಿದೆ. ದುಡ್ಡು ಮುಟ್ಟಲಿಲ್ಲ.

ಆ ಗಾಡಿಯ ಮುಂದಿನ ಟೈರನ್ನೂ ಅವತ್ತೇ ನೋಡಿದೆ. ಗೆರೆಗೆರೆಯ ರಿಬ್ ಟೈರ್, ಹೊಸದರಂತೆ ಕಾಣುತ್ತಿತ್ತು. ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿ 2209: 2009ರ 22ನೇ ವಾರ ತಯಾರಾದದ್ದು. ಸೈಡ್‌ವಾಲ್ ಬಗ್ಗಿಸಿದರೆ ಕೂದಲೆಳೆಯಂಥ ಬಿರುಕುಗಳು. ಮಾಡಿಫೈ ಮಾಡಿಸಿದ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟೈರ್ ಸವೆಯುವ ಮೊದಲೇ ಗಟ್ಟಿಯಾಗಿ ಸಾಯುತ್ತದೆ. ಕಚ್ಚು ಎಷ್ಟು ಆಳ ಇದೆ ಅಂತಷ್ಟೇ ನೋಡುವವರಿಗೆ ಇದು ಗೊತ್ತಾಗುವುದೇ ಇಲ್ಲ. ಅದನ್ನೂ ಬದಲಾಯಿಸಿದೆವು, ಒಳಗಿನ ಟ್ಯೂಬ್ ಮತ್ತು ರಿಮ್ ಟೇಪ್ ಕೂಡ. ಟೇಪ್ ಹರಿದಿದ್ದರೆ ಸ್ಪೋಕಿನ ತುದಿ ಟ್ಯೂಬನ್ನು ಒಳಗಿಂದಲೇ ಚುಚ್ಚುತ್ತದೆ.

ಈಗ ಯಾರೇ ಟೈರ್ ಕೇಳಿ ಬಂದರೂ ಮೊದಲು ರಿಮ್ ಮೇಲಿನ ಗುರುತು ಓದುತ್ತೇನೆ. ಆಮೇಲೆ ಚೈನಿಗೂ ಟೈರಿಗೂ ನಡುವಿನ ಜಾಗ, ಆಮೇಲೆ ಟೈರಿನ ವಾರ ಮತ್ತು ವರ್ಷ. ದಪ್ಪ ಟೈರೇ ಬೇಕು ಅಂದರೆ ಅಗಲದ ರಿಮ್ಮಿನ ಖರ್ಚು ಮುಂಚೆಯೇ ಹೇಳುತ್ತೇನೆ. ಕೆಲವರು ಬೇಸರಪಟ್ಟು ಬೇರೆ ಗ್ಯಾರೇಜಿಗೆ ಹೋಗುತ್ತಾರೆ, ಹೋಗಲಿ.

ಆ ಹುಡುಗ ಮುಂದಿನ ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಫೋನ್ ಮಾಡಿದ. ಚಾರ್ಮಾಡಿ ಹತ್ತಿ ಬಂದು ನೀರ್ ದೋಸೆ ತಿನ್ನುತ್ತಾ ಕೂತಿದ್ದ. "ಅಣ್ಣಾ, ಹಿಂದಿನಿಂದ ಸಣ್ಣಗೇ ಕಾಣುತ್ತೆ, ಆದ್ರೆ ತಿರುವಲ್ಲಿ ಹೇಳಿದ ಮಾತು ಕೇಳುತ್ತೆ" ಅಂದ.