ಅದೇ ಮೆಷಿನ್, ಬೇರೆ ಎಕ್ಸ್‌ರೇ

ಇವತ್ತು ಆನ್‌ಲೈನ್ ಕ್ಲಾಸಿನಲ್ಲಿ ಬೇರೆ ದೇಶದ ಟೆಕ್ನಿಷಿಯನ್ ಒಬ್ಬರು ಎದೆಯ ಎಕ್ಸ್‌ರೇ ತೋರಿಸಿದರು. ಹೆಗಲ ಮೂಳೆಯ ನೆರಳು ಎರಡೂ ಶ್ವಾಸಕೋಶದ ಮೇಲೆ ಬಿದ್ದಿತ್ತು. ಕಲಿಸುವವರು ಹೇಳಿದ್ದು ಇಷ್ಟೇ: ಕೈ ಸೊಂಟದ ಮೇಲೆ ಇಡಿಸಿ, ಭುಜ ಮುಂದಕ್ಕೆ ತರಿಸಿ, ಉಸಿರು ಪೂರ್ತಿ ಎಳೆದು ಹಿಡಿಯೋಕೆ ಹೇಳಿ. ಮುಂದಿನ ಎಕ್ಸ್‌ರೇ ಎಷ್ಟು ಚೆನ್ನಾಗಿ ಬಂತು ಗೊತ್ತಾ! ಅದೇ ಹಳೇ ಮೆಷಿನ್.

ಬಡ ದೇಶಗಳ ಆಸ್ಪತ್ರೆಗಳಿಗೆ ಎಕ್ಸ್‌ರೇ, ಸ್ಕ್ಯಾನಿಂಗ್ ವಿಷಯದಲ್ಲಿ ನೆರವಾಗೋಕೆ 2008ರಲ್ಲಿ ಶುರುವಾದ ರ‍್ಯಾಡ್-ಏಡ್ ಸಂಸ್ಥೆಯವರು ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಇಳಿಯುವ ಮೊದಲು ಅಲ್ಲಿ ಕರೆಂಟ್ ಹೇಗಿದೆ, ಸಿಬ್ಬಂದಿ ಎಷ್ಟಿದ್ದಾರೆ, ಏನೇನು ಸಲಕರಣೆ ಇದೆ ಅಂತ ನೋಡುತ್ತಾರೆ. ನನಗೆ ಆ ಕ್ರಮ ತುಂಬಾ ಇಷ್ಟ. ಸುಮ್ನೆ ಸಿಟಿ ಸ್ಕ್ಯಾನರ್ ದಾನ ಕೊಟ್ಟು ಬಂದರೆ, ಒಳಗಿನ ಎಕ್ಸ್‌ರೇ ಹೊರಡಿಸುವ ಟ್ಯೂಬ್ ಕೆಟ್ಟ ದಿನ ಅದು ಮೂಲೆ ಸೇರುತ್ತದೆ. ಟ್ಯೂಬಿನ ಖರ್ಚು, ರಿಪೇರಿ ಕಲಿಸುವುದು, ಎಲ್ಲಾ ದಾನದ ಒಪ್ಪಂದದಲ್ಲೇ ಇರಬೇಕು ಅಲ್ವಾ?