ಬೇರೆ ಬ್ಯಾಚ್ ಫೈಲಿನಲ್ಲಿರುವ ಸಬ್‌ರೂಟೀನ್ ಕರೆಯುವುದು ಹೇಗೆ?

ಒಂದೇ ಬ್ಯಾಚ್ ಫೈಲಿನೊಳಗೆ (ವಿಂಡೋಸ್ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್) ಸಬ್‌ರೂಟೀನ್, ಅಂದರೆ ಹೆಸರಿಟ್ಟ ಕೋಡ್ ತುಂಡನ್ನು ಕರೆಯುವುದು ಸುಲಭ. ಕಾಲ್, ಒಂದು ಕೋಲನ್, ಲೇಬಲ್ (ಆ ತುಂಡಿನ ಗುರುತು) ಹೆಸರು, ಮುಂದೆ ಆರ್ಗ್ಯುಮೆಂಟ್‌ಗಳು (ಅದಕ್ಕೆ ಕಳಿಸುವ ಬೆಲೆಗಳು), ಅಷ್ಟೇ. ತಲೆನೋವು ಶುರುವಾಗುವುದು ಆ ಲೇಬಲ್ ಇನ್ನೊಂದು ಫೈಲಿನಲ್ಲಿದ್ದಾಗ. ಲಾಗ್ ಬರೆಯುವ ನಾಲ್ಕು ಸಾಲನ್ನು ಸಿಕ್ಕ ಸಿಕ್ಕ ಸ್ಕ್ರಿಪ್ಟಿಗೆಲ್ಲ ಕಾಪಿ ಮಾಡುತ್ತಾ ಕೂರಲು ಯಾರಿಗೂ ಇಷ್ಟ ಇರಲ್ಲ, ಆದರೆ ಆ ಫೈಲಿನ ಈ ಲೇಬಲ್ ಬೇಕು ಅಂತ ಹೇಳುವ ವ್ಯವಸ್ಥೆಯೇ ಸಿಎಂಡಿಯಲ್ಲಿ, ಅಂದರೆ ಬ್ಯಾಚ್ ಫೈಲ್ ಓಡಿಸುವ ವಿಂಡೋಸ್ ಪ್ರೋಗ್ರಾಂನಲ್ಲಿ, ಇಲ್ಲ. ಫೈಲನ್ನು ಕರೆಯಬಹುದು, ಇಲ್ಲಾ ಇದೇ ಫೈಲಿನ ಲೇಬಲನ್ನು ಕರೆಯಬಹುದು.

ಹಾಗಾಗಿ ಸಬ್‌ರೂಟೀನ್‌ಗಳನ್ನು ಇಟ್ಟಿರುವ ಲೈಬ್ರರಿ ಫೈಲಿನ ತಲೆಯಲ್ಲೇ ಒಬ್ಬ ವಾಚ್‌ಮನ್‌ನನ್ನು ಕೂರಿಸಬೇಕು. ಮುಖ್ಯ ಸ್ಕ್ರಿಪ್ಟ್ ಲೈಬ್ರರಿಯನ್ನು ಕಾಲ್ ಮಾಡಿ, ಮೊದಲ ಆರ್ಗ್ಯುಮೆಂಟಾಗಿ ಲೇಬಲ್ ಹೆಸರು ಕೊಡುತ್ತದೆ. ಲೈಬ್ರರಿಯ ಮೊದಲ ಸಾಲು ಎಕೋ ಆಫ್. ಎರಡನೆಯದು ಕಾಲ್ :%* ಅನ್ನುವ ಒಂದೇ ಸಾಲು (%* ಅಂದರೆ ಬಂದ ಆರ್ಗ್ಯುಮೆಂಟ್‌ಗಳೆಲ್ಲ). ಮೂರನೆಯದು ಎಕ್ಸಿಟ್ /ಬಿ. ಅದರ ಕೆಳಗೆ ನಿಮ್ಮ ಲೇಬಲ್‌ಗಳು. ಒಳಗೆ ಹೋದ ಮೇಲೆ %1 ಅಂದರೆ ಲೇಬಲ್ ಹೆಸರಲ್ಲ, ನೀವು ಕಳಿಸಿದ ನಿಜವಾದ ಮೊದಲ ಆರ್ಗ್ಯುಮೆಂಟ್.

ಜಾಸ್ತಿ ಜನ ಇದನ್ನೇ ಶಿಫ್ಟ್ (ಆರ್ಗ್ಯುಮೆಂಟ್‌ಗಳನ್ನು ಒಂದು ಸ್ಥಾನ ಸರಿಸುವುದು) ಮತ್ತು ಗೋಟು (ಲೇಬಲ್‌ಗೆ ಜಿಗಿಯುವುದು) ಹಾಕಿ ಮಾಡುತ್ತಾರೆ. ಅದೂ ಓಡುತ್ತೆ, ಆದರೆ ಎರಡು ಕಿರಿಕಿರಿ ಇವೆ. ಶಿಫ್ಟ್ ಮಾಡಿದರೂ %* ಬದಲಾಗುವುದಿಲ್ಲ, ಲೇಬಲ್ ಹೆಸರು ಅದರಲ್ಲಿ ಹಾಗೇ ಕೂತಿರುತ್ತದೆ. ಜೊತೆಗೆ ಬರೀ ಶಿಫ್ಟ್ ಅಂದರೆ ಸ್ಕ್ರಿಪ್ಟಿನ ಹೆಸರಿರುವ %0 ಕೂಡ ಸರಿದುಬಿಡುತ್ತದೆ, ಆಮೇಲೆ ಸ್ಕ್ರಿಪ್ಟ್ ಇರುವ ಫೋಲ್ಡರ್ ಯಾವುದು ಅಂತ ಅದನ್ನು ಕೇಳಿದರೆ ತಪ್ಪು ಉತ್ತರ ಬರುತ್ತದೆ. ಶಿಫ್ಟ್ /1 ಅಂತ ಬರೆದರೆ ಈ ಎರಡನೇ ಕಿರಿಕಿರಿ ಮಾತ್ರ ತಪ್ಪುತ್ತದೆ.

ಕಾಲ್ ಪದ ಮಾತ್ರ ಬಿಡಬೇಡಿ. ಬರೀ ಫೈಲ್ ಹೆಸರು ಬರೆದರೆ ಕಂಟ್ರೋಲ್ ಅಲ್ಲಿಗೆ ಹೋಗುತ್ತದೆ, ವಾಪಸ್ ಬರಲ್ಲ. ಪ್ರತಿ ಸಬ್‌ರೂಟೀನ್ ಕೊನೆಗೂ ಎಕ್ಸಿಟ್ /ಬಿ ಇರಬೇಕು, ಇಲ್ಲದಿದ್ದರೆ ಕೆಳಗಿನ ಲೇಬಲ್‌ನ ಕೋಡೂ ಓಡುತ್ತದೆ. ಸುಮ್ನೆ ಎಕ್ಸಿಟ್ ಅಂದರೆ ಇಡೀ ಸಿಎಂಡಿಯೇ ಮುಚ್ಚಿಹೋಗುತ್ತದೆ.

ಉತ್ತರ ವಾಪಸ್ ತರುವುದು ಇನ್ನೊಂದು ಕಥೆ. ಸೆಟ್‌ಲೋಕಲ್ ಹಾಕಿದ್ದರೆ ಒಳಗಿನ ವೇರಿಯೇಬಲ್‌ಗಳೆಲ್ಲ ಹೊರಗೆ ಬರುವಾಗ ಮಾಯ. ಅದಕ್ಕೆ ಎಂಡ್‌ಲೋಕಲ್ ಬರೆದು, ಅದೇ ಸಾಲಿನಲ್ಲಿ & ಹಾಕಿ ಸೆಟ್ ಮಾಡಬೇಕು. ಸಾಲು ಓಡುವ ಮುಂಚೆಯೇ % ಒಳಗಿನ ಬೆಲೆಗಳು ತುಂಬಿಕೊಳ್ಳುವುದರಿಂದ ಈ ಉಪಾಯ ನಡೆಯುತ್ತದೆ. ಆದರೆ ಕಾಲ್ ಪ್ರತಿ ಸಲವೂ ಸಾಲನ್ನು ಇನ್ನೊಮ್ಮೆ ಓದುತ್ತದೆ, ನಮ್ಮ ವಿಧಾನದಲ್ಲಂತೂ ಎರಡು ಕಾಲ್ ಇವೆ, ಹಾಗಾಗಿ ^ ಅಥವಾ % ಇರುವ ಪಠ್ಯವನ್ನು ನೇರವಾಗಿ ಕಳಿಸಿದರೆ ಕೆಟ್ಟುಹೋಗುತ್ತದೆ. ವೇರಿಯೇಬಲ್‌ನ ಹೆಸರು ಮಾತ್ರ ಕಳಿಸಿ, ಒಳಗೆ ಡಿಲೇಡ್ ಎಕ್ಸ್‌ಪ್ಯಾನ್ಷನ್‌ನಲ್ಲಿ (ಸಾಲು ಓಡುವಾಗಷ್ಟೇ ಬೆಲೆ ತುಂಬುವ ವಿಧಾನ) ಬೆಲೆ ಓದಿಕೊಳ್ಳಿ.

ವಿಂಡೋಸ್‌ನದೇ ಹೊಸ ಸ್ಕ್ರಿಪ್ಟ್ ಭಾಷೆ ಪವರ್‌ಶೆಲ್ ಬಳಸಬಾರದಾ ಅಂತ ಕೇಳುವವರಿಗೆ: ಹೊಸದಾಗಿ ಬರೆಯುವುದಾದರೆ ಖಂಡಿತ ಅದನ್ನೇ ಬಳಸಿ. ಆದರೆ ಹಳೇ ಸರ್ವರಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ವರ್ಷಗಟ್ಟಲೆ ಓಡುತ್ತಿರುವ ಬ್ಯಾಚ್ ಫೈಲನ್ನು ಮುಟ್ಟುವ ಧೈರ್ಯ ಯಾರಿಗಿದೆ, ಅಲ್ವಾ?

ಎಲ್ಲಾ ಸರಿಯಿದ್ದೂ ಲೇಬಲ್ ಸಿಗುತ್ತಿಲ್ಲ ಅಂತ ಎರರ್ ಬಂದರೆ ಕೋಡ್ ನೋಡುವ ಮುಂಚೆ ಸಾಲಿನ ಕೊನೆಗಳನ್ನು, ಅಂದರೆ ಸಾಲು ಮುಗಿಯಿತು ಅಂತ ಹೇಳುವ ಕಾಣದ ಅಕ್ಷರಗಳನ್ನು, ನೋಡಿ. ಲಿನಕ್ಸ್ ಶೈಲಿಯ ಬರೀ ಎಲ್‌ಎಫ್ ಇದ್ದರೆ ಸಿಎಂಡಿ ಒಮ್ಮೊಮ್ಮೆ ಲೇಬಲನ್ನೇ ಕಾಣದೆ ದಾಟಿಬಿಡುತ್ತದೆ, ಮೇಲೆ ಒಂದು ಕಾಮೆಂಟ್ ಸೇರಿಸಿದರೆ ಮತ್ತೆ ಸಿಕ್ಕಿಬಿಡುತ್ತದೆ. ಎಡಿಟರ್‌ನಲ್ಲಿ ವಿಂಡೋಸ್ ಶೈಲಿಯ ಸಿಆರ್‌ಎಲ್‌ಎಫ್ ಆಗಿ ಸೇವ್ ಮಾಡಿ, ಗಿಟ್ ಬಳಸುತ್ತಿದ್ದರೆ ಬ್ಯಾಚ್ ಫೈಲ್‌ಗಳಿಗೆ ಅದನ್ನೇ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಕಾಯಂ ಮಾಡಿ.