ಚಳಿಗಾಲವನ್ನು ಬರೆದಿಡಿ

ಚಳಿ ಮೊದಲಿನ ಹಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಹೇಗಿತ್ತು ಅಂತ ಕೇಳಿದರೆ ಮಾತ್ರ ಯಾರಿಗೂ ಸರಿಯಾಗಿ ನೆನಪಿಲ್ಲ. ನನಗೆ ಭಯ ಆಗುವುದು ಅದಕ್ಕೇ.

ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದ ದಿನವನ್ನು ಅಲ್ಲಿನ ಅರ್ಚಕರು 1443ರಿಂದ ಬರೆದಿಡುತ್ತಾ ಬಂದಿದ್ದಾರೆ. ರಾತ್ರಿ ಕುಗ್ಗಿ ಬಿರುಕು ಬಿಟ್ಟ ಮಂಜುಗಡ್ಡೆ ಹಗಲು ಹಿಗ್ಗಿದಾಗ, ಸರೋವರಕ್ಕೆ ಅಡ್ಡಲಾಗಿ ಚೂಪು ಚೂಪಾದ ದಿಬ್ಬವೇ ಎದ್ದು ನಿಲ್ಲುತ್ತದೆ, ಅದನ್ನು ದೇವರು ದಾಟಿ ಹೋದ ದಾರಿ ಅಂತ ಜನ ನಂಬಿದ್ದಾರೆ. ಈಗ ಎಷ್ಟೋ ವರ್ಷ ನೀರು ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಆದರೂ ಅವರು ನಸುಕಿನಲ್ಲೇ ಹೋಗಿ ನೋಡುತ್ತಾರೆ, ಆಗಲಿಲ್ಲ ಅನ್ನುವುದನ್ನೂ ದಾಖಲಿಸುತ್ತಾರೆ.

ಸುಮ್ನೆ ಫೋಟೊ ತೆಗೆದರೆ ಸಾಲದು, ಅಲ್ವಾ? ಮಂಜು ಎಷ್ಟು ಹೊತ್ತಿಗೆ ಕರಗಿತು, ಬಾಯಿಂದ ಹಬೆ ಬಂತಾ, ಸ್ವೆಟರ್ ಯಾವತ್ತು ಹೊರಗೆ ತೆಗೆದಿರಿ, ಎಲ್ಲವನ್ನೂ ತಾರೀಕು ಹಾಕಿ ಬರೆಯಿರಿ. ಮನೆಯ ಹಿರಿಯರನ್ನು ಈ ವಾರವೇ ಕೂರಿಸಿ ಕೇಳಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ.